ಅವ್ವನೂ ಗಾಡಿ ಹತ್ತಿದ್ದಾಳೆ

ಚಿಕ್ಕಬೀರಾ,

ದೇವನೂರಿನಲ್ಲಿ ಹೆರಿಗೆಯಂತೆ, ಗಾಡಿ ಕಳಿಸಿದ್ದಾರೆ, ಹೊರಟೆ. ಹೊಲದಿಂದ ಬಂದವನು ಕೈ ತೊಳೆದುಕೊಂಡೇ ಕೆಂಚಮ್ಮನ ಹತ್ತಿರ ಹೋಗು. ಬಾಣಂತಿಗೆ ನೀರು ಕೊಡಬಾರದು ಅಂತ ಯಾರೇ ಅಂದರೂ ಕಿವಿಗೆ ಹಾಕಿಕೊಳ್ಳಬೇಡ. ಕಾಯಿಸಿ ಆರಿಸಿದ ನೀರು ಚೆಂಬಿನಲ್ಲಿದೆ. ಕುಡಿಯುವ ಕೂಸಿಲ್ಲದೆ ಅವಳಿಗೆ ಹಾಲು ಕಟ್ಟಿಕೊಂಡಿದೆ. ಎದೆ ಮೇಲಿಟ್ಟುಕೊಳ್ಳಲು ತಣ್ಣೀರಲ್ಲಿ ಬಟ್ಟೆ ಅದ್ದಿ ಹಿಂಡಿ ಕೊಡು. ಅವಳ ಗಂಡ ನೀನು, ಗಂಡಸು ಅಂತ ಜಗಲಿಯಲ್ಲಿ ಕೂತುಬಿಡಬೇಡ.

ಅವ್ವನನ್ನು ಹುಡುಕಬೇಡ, ನನ್ನ ಜೊತೆ ಬರುತ್ತಿದ್ದಾಳೆ. ಆಸ್ಪತ್ರೆಯಲ್ಲಿ ಕಲಿತು ಬಂದ ನಾನು, ಹೊಕ್ಕುಳಬಳ್ಳಿಗೆ ಕುದಿಸಿದ ಕತ್ತರಿಯೇ ಆಗಬೇಕು ಅಂತ ಎಷ್ಟು ಬಡಿದುಕೊಂಡರೂ, "ಚಿಕ್ಕಬೀರಂಗೂ ಇದೇ ಕುಡುಗೋಲಲ್ಲೇ ಕುಯ್ದಿದ್ದು, ಬದುಕ್ಲಿಲ್ವೇನೇ?" ಅನ್ನುತ್ತಿದ್ದಳು. ನಾನು ಊರಲ್ಲಿಲ್ಲದ ದಿನ ನಿನ್ನ ಮಗನಿಗೂ ಅದರಲ್ಲೇ ಕೊಯ್ದು ಬೂದಿ ಮೆತ್ತಿದಳು. ಕೂಸು ಧನುರ್ವಾಯುವಿನಲ್ಲಿ ದವಡೆ ಕಚ್ಚಿಕೊಂಡು ಹೋದಾಗಿನಿಂದ ಅವ್ವ ಬಾಯಿ ಬಿಟ್ಟಿರಲಿಲ್ಲ.

ಈಗ ತಾನಾಗಿಯೇ ಬಂದು ಗಾಡಿ ಹತ್ತಿದಳು. "ಅಲ್ಲೂ ನನ್ನಂತ ಮುದ್ಕೀರು ಇರ್ತಾರೆ, ನಿನ್ ಮಾತ್ ಕೇಳಲ್ಲ ಕಣೇ. ನಾನ್ ಹೇಳ್ತೀನಿ," ಅಂದಳು.

ಏನಂತ ಹೇಳ್ತೀಯವ್ವಾ ಅಂದೆ.

"ನನ್ ಮೊಮ್ಮಗನ್ನ ನಾನೇ ಕೊಂದೆ ಅಂತ."

ಅವಳು ವಾಪಸು ಬಂದಾಗ ಒಂದು ಸಲ ಅವ್ವಾ ಅಂತ ಕರೆಯೋ. ಮಗನನ್ನು ಮಣ್ಣು ಮಾಡಿ ಬಂದಾಗಿನಿಂದ ನೀನು ಕರೆದೇ ಇಲ್ಲ.

ಅಕ್ಕ