ಪರವಾಗಿಲ್ಲ ಎನ್ನುವ ಮಾತು

ಸೋಮವಾರ ಮಧ್ಯಾಹ್ನ,
ನಮ್ಮ ಹೊಲಿಗೆ ಅಂಗಡಿಯಿಂದ

ರೀ,

ಕೋಪದಲ್ಲಿ ಮೊದಲು ‘ಮಾನ್ಯರೇ’ ಎಂದು ಬರೆದಿದ್ದೆ. ಓದಿಕೊಂಡಾಗ ನನಗೇ ನಗು ಬಂತು, ಹರಿದುಹಾಕಿದೆ. ನಿಮ್ಮಣ್ಣನ ಮನೆಯಲ್ಲಿ ಹೊತ್ತು ಹೊತ್ತಿಗೆ ಊಟ ಸಿಗುತ್ತಿದೆ ಎಂದು ಗೊತ್ತು, ಕ್ಷೇಮ ಸಮಾಚಾರ ಕೇಳುವುದಿಲ್ಲ. ಇಲ್ಲಿ ನೀವಿಲ್ಲದೆ ಬಟ್ಟೆ ಕತ್ತರಿಸುವವರಿಲ್ಲ. ಜಿಪ್ ಬದಲಿಸುವುದು, ಪ್ಯಾಂಟಿನ ಕಾಲು ಮಡಿಸುವುದು, ಅಷ್ಟರಲ್ಲೇ ದಿನ ದೂಡುತ್ತಿದ್ದೇನೆ.

ನಾನು ಕೌನ್ಸೆಲಿಂಗ್‌ಗೆ ಹೋಗುತ್ತಿದ್ದೇನೆ. ನಕ್ಕರೆ ನಗಿ. ನನಗೇನು ತಲೆ ಕೆಟ್ಟಿದೆಯಾ ಎಂದು, ಹೋಗು ಎಂದ ಅಕ್ಕನ ಜೊತೆ ಜಗಳವಾಡಿಕೊಂಡೇ ಹೋದೆ. ಅಲ್ಲಿ ಮಾತಾಡಿಸುವ ಮೇಡಂ ಅವರ ಅಂಗಿಯ ಒಂದು ತೋಳು ಎಳೆದುಕೊಂಡಿತ್ತು. ಹೊಲಿದ ಪುಣ್ಯಾತ್ಮ ಯಾರೋ ಎಂದು ಅದನ್ನೇ ನೋಡುತ್ತಾ ಕೂತಿದ್ದೆ. ಹೇಗಿದ್ದೀರಿ ಎಂದರು. ‘ಪರವಾಗಿಲ್ಲ’ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ಅಷ್ಟಕ್ಕೇ ನನಗೆ ಅಳು ಒತ್ತರಿಸಿಕೊಂಡು ಬಂತು.

ಆ ‘ಪರವಾಗಿಲ್ಲ’ ನಿಮ್ಮ ಮಾತು. ನಮ್ಮ ಮಗು ಬಾಬಿನ್ ಜ್ವರದಲ್ಲಿ ತೀರಿಹೋದಾಗ ಬಂದವರಿಗೆಲ್ಲ ಬಾಗಿಲಲ್ಲೇ ನಿಂತು ‘ಪರವಾಗಿಲ್ಲ, ಪರವಾಗಿಲ್ಲ’ ಎನ್ನುತ್ತಿದ್ದಿರಿ. ಮೆಷಿನ್ನಿನ ದಾರದ ಉರುಳೆಯ ಹಾಗೆ ದುಂಡಗಿದ್ದಾಳೆ ಎಂದು ಆ ಹೆಸರಿಟ್ಟವರು ನೀವು, ಕೊರಳಲ್ಲಿ ಟೇಪು ಇದ್ದಂತೆಯೇ ಎತ್ತಿ ಆಡಿಸಿದವರು ನೀವು. ಅಂಥವರಿಗೆ ಮಗಳು ಹೋದದ್ದು ಪರವಾಗಿಲ್ಲವಂತೆ! ಅದಕ್ಕೇ ನಿಮ್ಮನ್ನು ಕಲ್ಲು ಎಂದೆ, ಕಣ್ಣೆದುರು ಇರಬೇಡಿ ಎಂದೆ. ನೀವು ಚೀಲ ಎತ್ತಿಕೊಂಡು ಹೊರಟೇಬಿಟ್ಟಿರಿ.

ಮೇಡಂಗೆ ಇದನ್ನೆಲ್ಲ ಹೇಳಿದೆ. ಅವರು ಯಾರ ಪರವನ್ನೂ ವಹಿಸಲಿಲ್ಲ. ‘ಅವರು ಬಾಗಿಲಲ್ಲಿದ್ದಾಗ ನೀವೆಲ್ಲಿದ್ದಿರಿ?’ ಎಂದಷ್ಟೇ ನನ್ನನ್ನು ಕೇಳಿದರು. ಒಳಕೋಣೆಯಲ್ಲಿ ಮಲಗಿದ್ದೆ ಎಂದೆ. ಹಾಗೆಂದ ಮೇಲೆ ನನಗೇ ಒಂದು ಯೋಚನೆ ಹೊಳೆಯಿತು. ಬಂದವರು ಒಳಗೆ ನುಗ್ಗಿ ಅದನ್ನೇ ಕೆದಕಿ ನನ್ನನ್ನು ಅಳಿಸಬಾರದು ಎಂದು ಬಾಗಿಲಲ್ಲಿ ನಿಂತಿದ್ದಿರಾ? ನನಗೆ ಗೊತ್ತಿಲ್ಲ, ನೀವೇ ಹೇಳಬೇಕು. ನಾನು ಹೇಳಿದ ‘ಪರವಾಗಿಲ್ಲ’ ಅಷ್ಟು ದೊಡ್ಡ ಸುಳ್ಳಾದರೆ ನಿಮ್ಮದೂ ಸುಳ್ಳೇ ಇದ್ದಿರಬೇಕು.

ಅಲ್ಲಿಗೆ ಹೋಗಿ ದುಃಖ ಕಡಿಮೆಯಾಗಿಲ್ಲ ರೀ. ಆದರೆ ಅಲ್ಲಿ ಅವಳ ಹೆಸರೆತ್ತಿದರೆ ಯಾರೂ ಮಾತು ಬದಲಿಸುವುದಿಲ್ಲ. ಗುರುವಾರ ಸಂಜೆ ಮತ್ತೆ ಹೋಗುತ್ತೇನೆ. ನನ್ನ ಪಕ್ಕ ಇನ್ನೊಂದು ಕುರ್ಚಿ ಇದೆ. ಬನ್ನಿ. ನನಗೆ ನಿಮ್ಮ ಜೊತೆ ಅಳಬೇಕು.

ಅರ್ಧ ಅಂಗಡಿ ನಡೆಸುತ್ತಿರುವ
ನಿಮ್ಮವಳು

ತಾ.ಕ.: ಬಾಬಿನ್ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟೆ ಎಂದು ನಿಮ್ಮಣ್ಣನಿಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ನೀವು ಕತ್ತರಿಸಿಕೊಟ್ಟ ಹಳದಿ ಫ್ರಾಕು ಮೆಷಿನ್ ಮೇಲೆಯೇ ಇದೆ, ಒಂದು ತೋಳು ಕೂಡಿಸುವುದು ಬಾಕಿ. ‘ಬರದಿದ್ದರೂ ಪರವಾಗಿಲ್ಲ’ ಎಂದು ಕೊನೆಗೆ ಬರೆದು, ಹೊಡೆದುಹಾಕಿದ್ದೇನೆ. ನಿಮ್ಮ ಮಾತನ್ನು ನಾನು ನಂಬಿದ ಹಾಗೆ ನನ್ನ ಮಾತನ್ನು ನೀವೂ ನಂಬಿಬಿಟ್ಟರೆ ಎಂದು ಭಯವಾಯಿತು.