ಹನ್ನೊಂದನೇ ಪುಟ

ಹೊಸ ಮನೆ, ಎರಡನೇ ಮಹಡಿ
ಹದಿನಾಲ್ಕನೇ ತಾರೀಖು, ಶನಿವಾರ ಬೆಳಿಗ್ಗೆ

ನನ್ನ ಮುದ್ದು ಅಣ್ಣಾ,

ಕೆಮ್ಮು ಹೇಗಿದೆ? ಜೈಲಿನ ಡಾಕ್ಟರು ಕೊಟ್ಟ ಗುಳಿಗೆಗಳನ್ನು ಕಿಟಕಿಯಾಚೆ ಎಸೆಯುತ್ತಿಲ್ಲ ತಾನೇ? ನಿನ್ನ ಬುದ್ಧಿ ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ನಿನ್ನನ್ನು ನೆನೆಸಿಕೊಂಡರೆ ನಾಚಿಕೆಯಾಗುವಷ್ಟು ಚೆನ್ನಾಗಿದ್ದೇನೆ. ಮದುವೆಯಾಗಿ ಏಳು ವಾರವಾಯಿತು, ಇವರು ಕೋರ್ಟಿನಿಂದ ಬರುವ ಹೊತ್ತಿಗೆ ಈಗಲೂ ಎರಡು ಸಲ ಕನ್ನಡಿ ನೋಡಿಕೊಳ್ಳುತ್ತೇನೆ.

ನಿನ್ನ ಅಪೀಲು ಸಿದ್ಧವಾಗಿದೆ. ನಿನ್ನ ಲಾಯರ್ ಭಾವ ಕೆಲಸ ಮಾಡುವುದನ್ನು ನೀನು ನೋಡಬೇಕಿತ್ತು. ಊಟದ ಮೇಜಿನ ತುಂಬ ನಿನ್ನ ಕೇಸಿನ ಕಾಗದ, ನಮ್ಮ ತಟ್ಟೆಗಳು ತೊಡೆಯ ಮೇಲೆ. ಗೋದಾಮಿಗೆ ಬೆಂಕಿ ಇಟ್ಟ ಕೇಸುಗಳ ನಲವತ್ತು ವರ್ಷದ ತೀರ್ಪುಗಳನ್ನು ಜಾಲಾಡಿದ್ದಾರೆ. ಒಂದು ತೀರ್ಪು ಸಿಕ್ಕರೆ ಸಾಲದಂತೆ, ಆಮೇಲೆ ಯಾರಾದರೂ ಅದನ್ನು ತಳ್ಳಿಹಾಕಿದ್ದಾರೆಯೇ ಎಂದೂ ಹುಡುಕಬೇಕಂತೆ. "ಸತ್ತ ಕುದುರೆ ಹತ್ಕೊಂಡು ಕೋರ್ಟಿಗೆ ಹೋಗ್ಬಾರ್ದು ಕಣೇ" ಅನ್ನುತ್ತಾರೆ. ಬರೆದದ್ದು ಅರವತ್ತು ಪುಟ, ಉಳಿಸಿದ್ದು ಹದಿನಾಲ್ಕು. ಓದಿದರೆ ಬಾಳೆಹಣ್ಣು ಸುಲಿದ ಹಾಗಿದೆ.

ಕತ್ತರಿಸಿದ್ದರಲ್ಲಿ ನನ್ನ ಸಾಕ್ಷಿಯೂ ಹೋಯಿತು. ಗೋದಾಮಿಗೆ ಬೆಂಕಿ ಬಿದ್ದ ಆ ಸಂಜೆ ಆರರಿಂದ ಒಂಬತ್ತರವರೆಗೆ ನೀನು ಮನೆಯಲ್ಲಿ ನನ್ನ ಹೊಲಿಗೆ ಯಂತ್ರ ಬಿಚ್ಚಿಕೊಂಡು ಕೂತಿದ್ದೆ ಎಂದು ಕಟಕಟೆಯಲ್ಲಿ ನಿಂತು ಹೇಳಿದ್ದೆನಲ್ಲ, ಅದು. "ತಂಗಿ ಮಾತು ನಂಬಕ್ಕಾಗಲ್ಲ ಅಂತ ಕೆಳಗಿನ ಕೋರ್ಟು ಬರೆದಾಗಿದೆ. ಈಗ ನೀನು ನನ್ನ ಹೆಂಡ್ತಿ ಬೇರೆ. ನಗ್ತಾರೆ ಅಷ್ಟೇ" ಅಂದರು. ನೋಡು, ಪ್ರೀತಿಸಿ ಮದುವೆಯಾದ ತಪ್ಪಿಗೆ ನಿನ್ನ ಪಾಲಿಗೆ ಇನ್ನೂ ಕೆಲಸಕ್ಕೆ ಬಾರದವಳಾದೆ. ಈ ಸಾಲು ಓದಿ ಅವರು ನಗುತ್ತಾರೆ, ನಗಲಿ.

ಪತ್ರದ ಜೊತೆ ಅಪೀಲನ್ನು ಇಟ್ಟಿದ್ದೇವೆ. ಕೊನೆಯ ಪುಟದಲ್ಲಿ ಪೆನ್ಸಿಲ್ ಗುರುತಿರುವ ಕಡೆ ಸಹಿ ಮಾಡಿ ಸೋಮವಾರ ಬರುವ ಗುಮಾಸ್ತರ ಕೈಗೆ ಕೊಡು. ಮಂಗಳವಾರ ಗಡುವು. "ನೀನು ಬರೆದ್ರೆ ಮರುಮಾತಿಲ್ದೆ ಹಾಕ್ತಾನೆ" ಎಂದು ಅವರೇ ನನ್ನನ್ನು ಬರೆಯಲು ಕೂರಿಸಿದ್ದಾರೆ. ಬರುವ ವರ್ಷ ಇಷ್ಟು ಹೊತ್ತಿಗೆ ನೀನು ಹೊರಗಿರುತ್ತೀಯಂತೆ.

ಹೊದ್ದುಕೊಂಡು ಮಲಗು. ನನ್ನ ಆಯುಸ್ಸಿನಲ್ಲಿ ಅರ್ಧ ನಿನಗಿರಲಿ.

ನಿನ್ನ
ವಟವಟಿ

ಮರೆತ ಮಾತು: ಅವರು ಇಷ್ಟನ್ನೂ ಓದಿ, ಚೆನ್ನಾಗಿದೆ ಎಂದು ಲಕೋಟೆ ತರಲು ಕೆಳಗೆ ಹೋಗಿದ್ದಾರೆ. ಹನ್ನೊಂದನೇ ಪುಟ ಓದದೆ ಸಹಿ ಮಾಡಬೇಡ. ಅಪರಾಧಿ ಎಂಬ ತೀರ್ಮಾನವನ್ನು ನಾವು ಪ್ರಶ್ನಿಸುವುದಿಲ್ಲ, ಶಿಕ್ಷೆಯನ್ನಷ್ಟೇ ಕಡಿಮೆ ಮಾಡಿ ಎಂದು ಅಲ್ಲಿದೆ. ಬೆಂಕಿ ಇಟ್ಟವನು ನೀನೇ ಎಂದು ಒಪ್ಪಿಕೊಂಡ ಹಾಗೆ. ಬೇರೆ ದಾರಿ ಹಿಡಿದರೆ ಏಳು ವರ್ಷವೂ ಒಳಗೇ ಅನ್ನುತ್ತಾರೆ. ಇರಬಹುದು, ಕಾನೂನಿನ ವಿಷಯದಲ್ಲಿ ಅವರು ತಪ್ಪುವುದಿಲ್ಲ. ಆದರೆ ಅದರ ಕೆಳಗೆ ಆ ಬೆಂಕಿ ಇಟ್ಟವನ ಕಷ್ಟ, ಅವನ ಪಶ್ಚಾತ್ತಾಪ, ಅವನ ನಿದ್ದೆಯಿಲ್ಲದ ಕಣ್ಣು ಎಲ್ಲವನ್ನೂ ಎಷ್ಟು ಚೆನ್ನಾಗಿ ಬರೆದಿದ್ದಾರೆಂದರೆ ಟೈಪು ಮಾಡುತ್ತಾ ಅತ್ತುಬಿಟ್ಟೆ. ಆ ಸಂಜೆಯೆಲ್ಲ ನಿನ್ನ ಎದುರಿಗೇ ಕೂತಿದ್ದ ನಾನು, ಅಣ್ಣಾ, ಪುಟ ಮುಗಿಯುವಷ್ಟರಲ್ಲಿ ನಿನ್ನನ್ನು ಕ್ಷಮಿಸಿದ್ದೆ.