ಹಿಮ ಬೀಳದ ಪೈನ್ ಕಾಡು

ಅಕ್ಟೋಬರ್ 3, ಶುಕ್ರವಾರ

ಆರು ಹಾಸಿಗೆ. ನಾಲ್ವರಿಗೆ ಗಂಜಿ ತಿನ್ನಿಸಿದೆ. ಒಬ್ಬರು ಉಗುಳಿದರು, ನನ್ನ ಮೇಲೇ. ಕಿಟಕಿ ಪಕ್ಕದ ಮುದುಕರ ಗಡ್ಡ ಬೋಳಿಸಿದೆ. ನನ್ನದು ಟ್ರಾಮ್ ಓಡಿಸಿ ಸವೆದ ಕೈ, ಕ್ಷೌರಕ್ಕೂ ಒಗ್ಗಿದೆ. ನಮ್ಮ ಊರು ಪಾವ್ಲೊದಾರ್‌ನಲ್ಲಿ ಪೆನ್ಷನ್ ಆದ ಹೆಂಗಸರು ಮೊಮ್ಮಕ್ಕಳನ್ನು ಆಡಿಸುತ್ತಾರೆ. ನನಗೆ ಮೊಮ್ಮಕ್ಕಳಿಲ್ಲ. ವಾಸಿಯಾಗದವರ ಈ ಆಸ್ಪತ್ರೆಗೆ ಬರುತ್ತೇನೆ. ಸಂಬಳ ಇಲ್ಲ, ಬೈಗುಳ ಧಾರಾಳ.

ಮೂರನೇ ಬೆಡ್‌ಗೆ ಹೊಸಬರು. ಉಲ್ಬೊಸಿನ್ ಅಜ್ಜಿ. ಹೊಟ್ಟೆಯ ಕ್ಯಾನ್ಸರ್, ಬೆನ್ನುಮೂಳೆಗೂ ಇಳಿದಿದೆ. ಮುಂದಿನದಾದರೂ ಗಂಡಾಗಲಿ ಎಂದು ಇಟ್ಟ ಹೆಸರು.

"ಆರನೇ ಹೆಣ್ಣು ಕಣೇ ನಾನು. ಅಪ್ಪ ಸಿಟ್ಟಲ್ಲಿ ಇಟ್ಟ ಹೆಸರು. ಏಳನೇದೂ ಹೆಣ್ಣೇ ಆಯ್ತು. ಅಪ್ಪನ ಮೋರೆ ನೋಡ್ಬೇಕಿತ್ತು!" ನಗಲು ಹೋಗಿ ಹೊಟ್ಟೆ ಹಿಡಿದುಕೊಂಡರು.

ಅಕ್ಟೋಬರ್ 5

ಅಜ್ಜಿಯ ಮಗ ತೊಲೆಗೆನ್ ಬಂದ. ಕಂಕುಳಲ್ಲಿ ಸುತ್ತಿದ ದೊಡ್ಡ ಚಿತ್ರ. ಹಾಸಿಗೆಯ ಹಿಂದಿನ ಗೋಡೆಗೆ ಅಂಟಿಸತೊಡಗಿದ. ಪೈನ್ ಕಾಡು, ನೀಲಿ ಕೆರೆ.

"ಏನಪ್ಪಾ, ಇದು ಆಸ್ಪತ್ರೇನೋ ಫೋಟೋ ಸ್ಟುಡಿಯೋನೋ?"

"ಬುರಾಬಾಯ್ ಕಾಡು ಅಕ್ಕ. ಅಮ್ಮ ಮಂಡಿನೋವಿಗೆ ಅಲ್ಲಿ ಆರೋಗ್ಯಧಾಮಕ್ಕೆ ಸೇರಿದಾಳೆ ಅಂತ ಮೊಲ್ದಿರ್‌ಗೆ ಹೇಳಿದೀವಿ."

ಮೊಲ್ದಿರ್ ಅವನ ಮಗಳು. ಆದರೆ ಮೊದಲ ಮೊಮ್ಮಗು ಅಜ್ಜಿಯ ಪಾಲು, ನಮ್ಮಲ್ಲಿ ಹಾಗೇ ತಾನೆ. ಹಾಲು ಬಿಡಿಸಿದ ಮೇಲೆ ಇವರ ಮಡಿಲಲ್ಲೇ ಬೆಳೆದದ್ದು. ಅಜ್ಜಿಗೆ ಅಮ್ಮ ಎನ್ನುತ್ತಾಳೆ, ಹೆತ್ತ ಅಪ್ಪನಿಗೆ ಅಣ್ಣ. ಹುಡುಗಿಗೆ ದೂರದ ಅಲ್ಮಾಟಿಯಲ್ಲಿ ಕೆಲಸ. ಇದೇ ತಿಂಗಳ ಹದಿನೆಂಟಕ್ಕೆ ಇಲ್ಲಿ, ನಮ್ಮೂರಲ್ಲೇ, ಅವಳನ್ನು ಗಂಡನ ಮನೆಗೆ ಕಳಿಸುವ ಔತಣ. ಅಷ್ಟರೊಳಗೆ ಮನೆಯಲ್ಲಿ ಸಾವಾದರೆ ಒಂದು ವರ್ಷ ಆ ಮಾತೆತ್ತುವ ಹಾಗಿಲ್ಲ.

ಸಂಜೆ ಏಳಕ್ಕೆ ಹುಡುಗಿಯ ವಿಡಿಯೋ ಕಾಲ್. ಅಜ್ಜಿಯ ಮುಖ ಒರೆಸಿ ತಲೆವಸ್ತ್ರ ಕಟ್ಟಿದೆ. ಡ್ರಿಪ್ ಸ್ಟ್ಯಾಂಡ್ ಆಚೆ ತಳ್ಳಿದೆ. ಫೋನ್ ಹಿಡಿದುಕೊಂಡು ನಿಂತೆ.

"ಅಮ್ಮಾ, ಮಂಡಿ ಹೇಗಿದೆ?"

"ಕುಣೀತಿದೆ ಕಣೇ! ಹದಿನೆಂಟಕ್ಕೆ ನೋಡುವೆಯಂತೆ."

"ಫೋನ್ ಹಿಡಿದಿರೋರು ಯಾರಮ್ಮಾ?"

"ಇಲ್ಲಿನ ಆಯಾ. ಬಾಯಿ ಜೋರು."

ಕಾಲ್ ಮುಗಿಯಿತು. ಅಜ್ಜಿ ಟವೆಲ್ ಕಚ್ಚಿಕೊಂಡರು. ಆಮೇಲೆ ಗೊತ್ತಾಯಿತು, ಮಧ್ಯಾಹ್ನದಿಂದ ಮಾರ್ಫಿನ್ ಸೂಜಿ ಬೇಡವೆಂದಿದ್ದಾರೆ. ನಾಲಿಗೆ ತೊದಲುತ್ತದಂತೆ, ಹುಡುಗಿಗೆ ಅನುಮಾನ ಬರುತ್ತದಂತೆ.

ಅಕ್ಟೋಬರ್ 6

ಬೆಳಿಗ್ಗೆ ಕೇಳಿಯೇ ಬಿಟ್ಟೆ. "ಅಜ್ಜೀ, ಹೇಳಿಬಿಡಬಾರದಾ? ಇಬ್ಬರೂ ಕಣ್ಣತುಂಬ ನೋಡ್ಕೋಬಹುದು."

"ಹೇಳಿದ್ರೆ ಔತಣ ಬಿಟ್ಟು ಓಡಿ ಬರ್ತಾಳೆ. ನನಗೆ ಮೊದಲು ನಿಶ್ಚಯ ಆಗಿದ್ದ ಹುಡುಗನ ಅಪ್ಪ ಸತ್ತ. ಒಂದು ವರ್ಷ ಮುಂದಕ್ಕೆ ಹಾಕಿದ್ರು. ವರ್ಷ ತುಂಬೋದ್ರೊಳಗೆ ಅವನು ಬೇರೆಯವಳ ಗಂಡ. ಮುಂದಕ್ಕೆ ಹಾಕಿದ ಮದುವೆ ಮುಂದಕ್ಕೇ ಹೋಗತ್ತೆ ಕಣೇ."

ತಟ್ಟೆಯಿಂದ ರೊಟ್ಟಿ ತುಂಡು ಎತ್ತಿ ನನ್ನ ಕೈಯಲ್ಲಿಟ್ಟರು. "ಆಣೆ ಮಾಡು."

ರೊಟ್ಟಿಯ ಮೇಲೆ ಆಣೆ! ಎದ್ದು ಹೋಗಬೇಕಿತ್ತು. ಆ ಕಣ್ಣು ನೋಡಿ ಆಗಲಿಲ್ಲ. "ನನ್ನ ಬಾಯಿಂದ ಬಂದ್ರೆ ಈ ಅನ್ನ ನನ್ನ ಹೊಡೀಲಿ" ಅಂದೆ.

ನನಗೆ ಯಾಕಿಷ್ಟು ಉರಿ ಅಂದರೆ — ಅಪ್ಪ ಹೋದಾಗ ನಾನು ಓಮ್ಸ್ಕ್‌ನಲ್ಲಿ ಟ್ರಾಮ್ ಪರೀಕ್ಷೆಗೆ ಕೂತಿದ್ದೆ. ಹುಡುಗಿ ಓದಲಿ ಎಂದು ಮನೆಯವರು ಬಾಯಿ ಮುಚ್ಚಿಕೊಂಡರು. ಪಾಸಾಗಿ, ಅಪ್ಪನಿಗೆ ಟೋಪಿ ತೆಗೆದುಕೊಂಡು, ಕುಣಿಯುತ್ತ ಬಂದೆ. ಬಾಗಿಲಲ್ಲಿ ಚಿಕ್ಕಮ್ಮ ಗೊಳೋ ಎಂದು ತಬ್ಬಿಕೊಂಡಳು. ಆ ಟೋಪಿ ಇನ್ನೂ ಇದೆ. ಯಾರನ್ನೂ ಕ್ಷಮಿಸಿಲ್ಲ ನಾನು.

ಅಕ್ಟೋಬರ್ 9

ಇವತ್ತು ಕೂಗಿದರು. ಇಡೀ ವಾರ್ಡ್ ಎದ್ದು ಕೂತಿತು. ನರ್ಸ್ ರೈಸಾ ಸೂಜಿ ಹಿಡಿದು ಬೇಡಿಕೊಂಡಳು, ಅಜ್ಜಿ ಕೈ ಕೊಡಲಿಲ್ಲ. "ಏಳು ಗಂಟೆ ಆಗಲಿ." ಆಗ ಇನ್ನೂ ಮೂರೂವರೆ. ಹಾಸಿಗೆಯ ಕಬ್ಬಿಣ ಹಿಡಿದು ಹಿಡಿದು ಅಂಗೈ ಸುಲಿದಿದೆ.

ಕಾರಿಡಾರ್‌ನಲ್ಲಿ ತೊಲೆಗೆನ್‌ನನ್ನು ತರಾಟೆಗೆ ತೆಗೆದುಕೊಂಡೆ.

"ನಿನ್ನ ಅಮ್ಮನೋ ಹೊತ್ತಿ ಉರೀತಿರೋ ಮನೆಯೋ? ನೋಡ್ಕೊಂಡು ನಿಂತಿದೀಯಲ್ಲ!"

"ನಾನೇನು ಮಾಡ್ಲಿ ಅಕ್ಕ? ಹೇಳಿದ್ರೆ ಮುಖ ನೋಡಲ್ಲ ಅಂದಿದಾಳೆ. ಹೇಳದೆ ಇದ್ರೆ ಮಗಳು ಜನ್ಮದಲ್ಲಿ ನನ್ನ ಮುಖ ನೋಡಲ್ಲ. ನೀವೇ ಹೇಳಿ, ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ?"

ಐವತ್ತು ದಾಟಿದ ಗಂಡಸು, ಮೂಗು ಸೋರಿಸಿಕೊಂಡು ಅತ್ತ. ನನ್ನ ಕರವಸ್ತ್ರ ಕೊಟ್ಟೆ.

ಏಳಕ್ಕೆ ಅಜ್ಜಿ ತಲೆವಸ್ತ್ರ ಕಟ್ಟಿಸಿಕೊಂಡರು. ಕೆನ್ನೆ ಚಿವುಟಿಕೊಂಡರು, ಕೆಂಪು ಬರಲಿ ಎಂದು. ನಕ್ಕರು ಕೂಡ. "ಯಾಕೆ ಫೋನ್ ಅಲ್ಲಾಡ್ತಿದೆ?" ಎಂದು ಹುಡುಗಿ ಕೇಳಿದಳು. ಚಳಿ ಅಂದೆ.

ಅಕ್ಟೋಬರ್ 11

ಮಾಡಬಾರದ್ದು ಮಾಡಿದೆ. ಅಜ್ಜಿಯ ಫೋನಿನಿಂದ ಹುಡುಗಿಯ ನಂಬರ್ ಬರೆದುಕೊಂಡು ಬಂದು, ಮನೆಯಲ್ಲಿ ಕೂತು ನನ್ನ ಫೋನಿನಿಂದ ಒತ್ತಿದೆ. ಎರಡು ಸಲ ರಿಂಗ್ ಆಯಿತು. ಮೇಜಿನ ಮೇಲೆ ರೊಟ್ಟಿ ಇತ್ತು. ಕಟ್ ಮಾಡಿದೆ.

ತಕ್ಷಣ ಆ ಕಡೆಯಿಂದ ಕರೆ. "ಯಾರು? ಕಾಲ್ ಮಾಡಿದ್ರಲ್ಲ?"

"ರಾಂಗ್ ನಂಬರ್ ತಾಯಿ."

"ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ..."

ಫೋನ್ ಆರಿಸಿಟ್ಟೆ. ಥೂ ನನ್ನ ಜನ್ಮಕ್ಕೆ. ಹೇಳಲೂ ಇಲ್ಲ, ಸುಮ್ಮನಿರಲೂ ಇಲ್ಲ.

ಅಕ್ಟೋಬರ್ 15

ಮೊನ್ನೆಯಿಂದ ಹಿಮ. ಅಜ್ಜಿಗೆ ಈಗ ಕೂರಲು ಬೆನ್ನಿಗೆ ಮೂರು ದಿಂಬು ಬೇಕು. ಔತಣಕ್ಕೆ ಬರುವುದಿಲ್ಲ ಎನ್ನಲು ನೆವ ಬೇಕಿತ್ತು. ಹಿಮವೇ ನೆವವಾಯಿತು.

"ಮಗಳೇ, ಇಲ್ಲಿ ಸೊಂಟದ ಮಟ್ಟ ಹಿಮ. ದಾರಿ ಕಟ್ಟಿದೆ. ಒಂದು ಬಸ್ಸೂ ಇಲ್ಲ. ನನ್ನ ಬಿಟ್ಟೇ ಮಾಡ್ಕೊಳ್ರೇ. ವಯಸ್ಸಾದೋಳು, ಬಂದು ಯಾರ ಕಾಲು ತುಳೀಲಿ?"

ಹುಡುಗಿ ಅಜ್ಜಿಯ ಹಿಂದೆ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಕಾಡು ಎಷ್ಟು ಹಸಿರಾಗಿದೆಯಮ್ಮಾ..." ಎಂದಳು.

ಅಯ್ಯೋ! ನಾನಾದರೂ ನೋಡಬೇಡವಾ? ಗೋಡೆಯಲ್ಲಿ ಬೇಸಿಗೆಯ ಬಿಸಿಲು. ಒಂದು ಹರಳು ಹಿಮ ಇಲ್ಲ.

"ಪೈನ್ ಅಲ್ವೇನೇ ದಡ್ಡಿ, ಅದು ಯಾವಾಗ್ಲೂ ಹಸಿರೇ" ಎಂದರು ಅಜ್ಜಿ.

"ಹೂಂ ಅಮ್ಮಾ. ಹೌದಲ್ಲ." ಹುಡುಗಿ ನಕ್ಕಳು. ಬೇಗ ಫೋನ್ ಇಟ್ಟಳು.

ಅಕ್ಟೋಬರ್ 16

ಬೆಳಿಗ್ಗೆ ಅಜ್ಜಿ ಕೈ ಹಿಡಿದರು. "ಹದಿನೆಂಟರ ತನಕ ಆಗಲ್ಲ ಕಣೇ. ಮೈ ಒಪ್ತಿಲ್ಲ. ಅವಳಿಗೆ ಕೊಡೋ ಆಶೀರ್ವಾದ ಗಂಟಲಲ್ಲೇ ಉಳಿದಿದೆ. ಅದನ್ನ ಕೊಟ್ಟೇ ಸೂಜಿ ಹಾಕಿಸ್ಕೋತೀನಿ."

"ಫೋನಲ್ಲಿ ರೆಕಾರ್ಡ್ ಮಾಡ್ಲಾ?"

"ಯಂತ್ರಕ್ಕೆ ಅಂಗೈ ಇದೆಯಾ? ಆಮೀನ್ ಅನ್ನತ್ತಾ ಅದು? ಕೂತ್ಕೋ ಇಲ್ಲಿ. ಅವಳ ಬದಲು ನೀನು ಹಿಡಿ."

ಎದುರಿಗೆ ಕೂತು ಎರಡೂ ಅಂಗೈ ಬಿಚ್ಚಿ ಹಿಡಿದೆ. ಅಜ್ಜಿಯೂ ಹಿಡಿದರು, ಸುಲಿದ ಅಂಗೈ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು ಹರಸಿದರು. ಒಲೆ ಆರದಿರಲಿ. ಹೊಸಿಲು ತುಂಬಿರಲಿ. ಗಂಡನ ಮಾತು ಮೆತ್ತಗಿರಲಿ, ನಿನ್ನದು ನೆಟ್ಟಗಿರಲಿ. ಹೆಣ್ಣು ಹುಟ್ಟಿದರೆ ಒಳ್ಳೆ ಹೆಸರಿಡು.

ಆಮೀನ್ ಎಂದು, ಆಶೀರ್ವಾದ ಪಡೆದವರು ಮಾಡುವ ಹಾಗೆ, ಕೈ ಮುಖಕ್ಕೆ ಸವರಿಕೊಳ್ಳಲು ಹೋದೆ.

"ಏಯ್! ಹುಷಾರ್. ಅದು ನಿಂದಲ್ಲ, ಅವಳದು. ಹಾಗೇ ತಲುಪಿಸು."

ಕೈ ಕೆಳಗಿಳಿಸಿದೆ. ರೈಸಾ ಸೂಜಿ ಹಾಕಿದಳು. ಹುಬ್ಬಿನ ಗಂಟು ಸಡಿಲವಾಯಿತು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಕಣ್ಣನ್ನು ತೋಳಲ್ಲಿ ಒರೆಸಿಕೊಂಡೆ. ಆಗಿನಿಂದ ಮುಖಕ್ಕೆ ಅಂಗೈ ಮುಟ್ಟಿಸಿಲ್ಲ. ಹುಚ್ಚು ಅನ್ನಲಿ ಯಾರಾದರೂ.

ಸಂಜೆ ಹುಡುಗಿಯ ಕಾಲ್. ಅಮ್ಮ ಮಲಗಿದ್ದಾರೆ ಅಂದೆ. "ಮಲಗ್ಲಿ. ಎಬ್ಬಿಸ್ಬೇಡಿ" ಎಂದಳು. ಮತ್ತೇನೂ ಕೇಳಲಿಲ್ಲ.

ಅಕ್ಟೋಬರ್ 18, ಶನಿವಾರ. ಮಧ್ಯಾಹ್ನ

ಹೋದರು. ಹನ್ನೊಂದರ ಸುಮಾರಿಗೆ. ತುಟಿಗೆ ಹತ್ತಿಯಲ್ಲಿ ನೀರು ಹನಿಸುತ್ತಿದ್ದೆ. ಒಂದು ಹನಿ ಒಳಗೆ ಹೋಯಿತು, ಇನ್ನೊಂದು ಹೊರಗೆ ಬಂತು.

ಕಣ್ಣು ಮುಚ್ಚಿದೆ. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದೆ. ತೊಲೆಗೆನ್ ಕೋಟು ಟೈ ಹಾಕಿಕೊಂಡೇ ಓಡಿ ಬಂದ. ನೆಲದ ಮೇಲೆ ಕೂತುಬಿಟ್ಟ.

"ಅಕ್ಕ, ಜನ ಆಗಲೇ ಬಂದಿದಾರೆ. ಗಂಡಿನ ಕಡೆಯವರು ಬಂದು ಇಳಿದಿದಾರೆ. ಇವತ್ತು ರಾತ್ರಿ ಮುಗಿಯೋ ತನಕ ಅಮ್ಮ ಬದುಕಿರ್ಬೇಕು. ನಿಮ್ಮ ಕಾಲಿಗೆ ಬೀಳ್ತೀನಿ. ಏಳಕ್ಕೆ ಕಾಲ್ ಬರತ್ತೆ. ನಿದ್ದೆ ಅನ್ನಿ."

ಮುಖ ತೊಳೆದುಕೊಂಡು, ಕನ್ನಡಿ ನೋಡಿ ಟೈ ಸರಿಮಾಡಿಕೊಂಡು ಹೋದ. ಕುಣಿಯಬೇಕಲ್ಲ ಅವನು ಅಲ್ಲಿ.

ರೈಸಾ ಅಜ್ಜಿಯನ್ನು ಪಕ್ಕದ ಕೋಣೆಗೆ ಸಾಗಿಸೋಣ ಎಂದಳು. ರಾತ್ರಿಯ ತನಕ ಇಲ್ಲೇ ಇರಲಿ ಎಂದೆ. ಸುತ್ತ ಪರದೆ ಎಳೆದೆ. ಚಿತ್ರ ಗೋಡೆಯ ಮೇಲೇ ಇದೆ. ದೇವರೇ, ನಲವತ್ತು ವರ್ಷದ ಹಿಂದೆ ಚಿಕ್ಕಮ್ಮ ನಿಂತಿದ್ದ ಜಾಗಕ್ಕೇ ನನ್ನನ್ನು ತಂದು ನಿಲ್ಲಿಸಿದೆಯಲ್ಲ.

ಅದೇ ದಿನ, ಏಳೂವರೆ

ಏಳಕ್ಕೆ ಸರಿಯಾಗಿ ಬಂತು. ಬಿಳಿ ಉಡುಗೆ, ತಲೆಯ ಮೇಲೆ ಎತ್ತರದ ಮದುವೆ ಕಿರೀಟ. ಎಲ್ಲೋ ಬಚ್ಚಲಲ್ಲಿ ಅಡಗಿ ನಿಂತಿದ್ದಳು. ಬಾಗಿಲಾಚೆ ಹಾಡು, ಚಪ್ಪಾಳೆ.

"ನಿದ್ದೆ" ಎಂದೆ. ಅದೊಂದೇ ಮಾತು.

"ದೊಡ್ಡಮ್ಮ, ಆ ಚಿತ್ರ ತೆಗೆದುಬಿಡಿ. ಹಿಮ ಇಲ್ಲದ ಕಾಡು ನೋಡಿದ ದಿನವೇ ಗೊತ್ತಾಯ್ತು ನನಗೆ. ನೆನ್ನೆ ಅಣ್ಣನ ಜೇಬಲ್ಲಿ ನಿಮ್ಮ ಆಸ್ಪತ್ರೆ ಚೀಟೀನೂ ನೋಡಿದೆ. ಅಮ್ಮ ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದಾಳೆ, ಕೆಡಿಸೋದು ಬೇಡ ಅಂತ ಸುಮ್ಮನಿದ್ದೆ. ಇದು ಮುಗಿದ ತಕ್ಷಣ ಇದೇ ಬಟ್ಟೇಲಿ ಓಡಿ ಬರ್ತೀನಿ. ಈಗ ಒಂದು ಸಲ ಮುಖ ತೋರ್ಸಿ. ಎಬ್ಬಿಸ್ಬೇಡಿ."

ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿದ್ದೆ. ಕೈಯ ಬಗ್ಗೆ ಆಣೆ ಮಾಡಿರಲಿಲ್ಲ. ಫೋನ್ ತಿರುಗಿಸಿದೆ.

ಹುಡುಗಿ ನೋಡಿದಳು. ಹಾಡು ಮುಗಿದು ಇನ್ನೊಂದು ಹಾಡು ಶುರುವಾಯಿತು.

"ದೊಡ್ಡಮ್ಮ... ಅಮ್ಮನ ಗದ್ದಕ್ಕೆ ಬಟ್ಟೆ ಯಾಕೆ ಕಟ್ಟಿದೀರಾ?"

ಫೋನನ್ನು ನೀರಿನ ಲೋಟಕ್ಕೆ ಒರಗಿಸಿಟ್ಟೆ. ಎದುರಿಗೆ ಕೂತೆ. ಮೊನ್ನೆಯಿಂದ ಕಾಪಾಡಿಕೊಂಡು ಬಂದ ಎರಡೂ ಅಂಗೈ ಬಿಚ್ಚಿ ಅವಳ ಮುಂದೆ ಹಿಡಿದೆ. ಅವಳು ಬಾಯಿಗೆ ಕಿರೀಟದ ಮುಸುಕು ತುರುಕಿಕೊಂಡಳು. ಆಮೇಲೆ ಅವಳೂ, ಎರಡೂ ಕೈ ಬಿಚ್ಚಿ ಹಿಡಿದಳು. ಅಜ್ಜಿಯ ಹರಕೆಯ ಮಾತು ಒಂದೊಂದಾಗಿ ಒಪ್ಪಿಸಿದೆ, ಅವಳು ಆಮೀನ್ ಎಂದು ಅಂಗೈ ಮುಖಕ್ಕೆ ಸವರಿಕೊಂಡಳು.